ಬೆಳಗಿನ ಬಿಸಿಲಿಗೆ ಬರೆದ ಬಿರುಕು

ನಾನು ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ನನ್ನ ಗಂಡ ಗೋಡೆ ಕೊಳಕು ಮಾಡುವವರು. ತಮಾಷೆಗೆ ಹೇಳುತ್ತಿಲ್ಲ, ಅದೇ ಅವರ ಕಸುಬು. ಸಿನಿಮಾದವರು ಪ್ಲೈವುಡ್ಡಿನಲ್ಲಿ ಮನೆ ಕಟ್ಟಿ ಬಣ್ಣ ಹೊಡೆದು ನಿಲ್ಲಿಸುತ್ತಾರೆ. ಅದು ಐವತ್ತು ವರ್ಷದ ಹಳೇ ಮನೆಯ ಹಾಗೆ ಕಾಣಬೇಕಲ್ಲ, ಆಗ ಇವರನ್ನು ಕರೆಯುತ್ತಾರೆ. ಇವರು ಒಂದು ಬಕೆಟ್ಟು, ಸ್ಪಂಜು, ಕೂದಲು ಉದುರಿದ ನಾಲ್ಕು ಬ್ರಷ್ಷು ಹಿಡಿದು ಹೋಗಿ, ಒಂದೇ ಹಗಲಿನಲ್ಲಿ ಐವತ್ತು ವರ್ಷ ಕಳೆಸಿ ಬರುತ್ತಾರೆ. ನೀರು ಸೋರಿದ ಕಲೆಗೆ ಗಟ್ಟಿ ಚಹಾ ಡಿಕಾಕ್ಷನ್ನು, ಹೊಗೆಗೆ ಒಲೆಯ ಮಸಿ, ಪಾಚಿಗೆ ಹಸಿರು ಬಣ್ಣದಲ್ಲಿ ಅದ್ದಿದ ಮರದ ಹೊಟ್ಟು. ಜಾರಿಬಿದ್ದೇವು ಅಂತ ಹೆದರಿ ಸೆಟ್ಟಿನಲ್ಲಿ ಜನ ಆ ಪಾಚಿಯನ್ನು ಸುತ್ತಿಬಳಸಿ ಹೋಗುತ್ತಾರಂತೆ. ಅಲ್ಲಿಂದಲೇ ಇವರಿಗೆ ಪಾಚಿ ಅಂತ ಹೆಸರು ಬಿದ್ದದ್ದು. ನನ್ನನ್ನು ಪಾಚಿ ಹೆಂಡತಿ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಫಿನಾಯಿಲ್ ಹಿಡಿದು ಬದುಕಿದವಳಿಗೆ ಸಿಕ್ಕ ಬಿರುದು ನೋಡಿ.

ನಾವಿರುವುದು ಹತ್ತು ಕೋಣೆಯ ಸಾಲು. ಒಂದೇ ಉದ್ದನೆಯ ಸೂರು, ಹತ್ತು ಬಾಗಿಲು, ಕೊನೆಗೊಂದು ನಲ್ಲಿ. ಹಿಂದೆ ಯಾವುದೋ ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆ ಅಂತ ಕಟ್ಟಿಸಿದ್ದು. ಕಾರ್ಖಾನೆ ಹೋಯಿತು, ಸಾಲು ಉಳಿಯಿತು, ನಾವೂ ಉಳಿದೆವು. ನಮ್ಮದು ನಾಲ್ಕನೇ ಬಾಗಿಲು. ಆಸ್ಪತ್ರೆಗೆ ಏಳು ನಿಮಿಷದ ನಡಿಗೆ. ಬೆಳಿಗ್ಗೆ ಐದೂವರೆಗೆ ನಾನು ವಾರ್ಡಿನಲ್ಲಿ ಇರಬೇಕು, ಇದ್ದೇನೆ, ಒಂದು ದಿನವೂ ತಡವಾದದ್ದಿಲ್ಲ. ಹತ್ತನೇ ಬಾಗಿಲಿನ ಟೈಲರ್ ಅಕ್ಕ ಅದೇ ಆಸ್ಪತ್ರೆಯ ನರ್ಸುಗಳಿಗೆ ಬಟ್ಟೆ ಹೊಲಿದುಕೊಡುತ್ತಾಳೆ. ನಮ್ಮ ಸಾಲನ್ನು ಹೊರಗಿನವರು ಕೊಳೆಗೇರಿ ಅನ್ನುತ್ತಾರೆ. ಅನ್ನಲಿ. ನಾನು ವರ್ಷಕ್ಕೊಂದು ಸಲ ತಪ್ಪದೆ ಗೋಡೆಗೆ ಸುಣ್ಣ ಹೊಡೆಯುತ್ತೇನೆ, ಪಾತ್ರೆಯ ತಳವನ್ನು ಮುಖ ಕಾಣುವ ಹಾಗೆ ಉಜ್ಜುತ್ತೇನೆ. ಆಸ್ಪತ್ರೆಯಲ್ಲಿ ಬೇರೆಯವರ ಕೊಳೆ ತೆಗೆದು ಬಂದು ಮನೆಯಲ್ಲಿ ಕೊಳೆ ಇಟ್ಟುಕೊಳ್ಳುವಷ್ಟು ತಲೆ ಕೆಟ್ಟಿಲ್ಲ ನನಗೆ.

ಎರಡು ವರ್ಷದ ಹಿಂದೆ ಒಬ್ಬ ನಿರ್ದೇಶಕರು ನಮ್ಮ ಓಣಿಗೆ ಬಂದರು. ಹೊಸತಾಗಿ ಕೊಳ್ಳುವಾಗಲೇ ಹರಿದಿದ್ದಂಥ ಶರ್ಟು ತೊಟ್ಟಿದ್ದರು. ತಾನು ಸೆಟ್ಟು ಹಾಕುವವನಲ್ಲ, ಇರುವುದನ್ನು ಇದ್ದ ಹಾಗೆ ತೋರಿಸುವವನು ಅಂದರು. ದೇಶ ದೇಶದ ಚಿತ್ರೋತ್ಸವಗಳಲ್ಲಿ ಈಗ ಎಲ್ಲರೂ ಕೇಳುವುದು ನೈಜತೆಯನ್ನೇ ಅಂದರು. ಆಮೇಲೆ ನಮ್ಮ ಬಾಗಿಲಲ್ಲಿ ತಲೆ ತೂರಿಸಿ ಒಳಗೆ ನೋಡಿದರು. ಬಿಳೀ ಗೋಡೆ, ಸಾಲಾಗಿ ಕವುಚಿಟ್ಟ ಲೋಟ, ಮಡಿಸಿಟ್ಟ ಹಾಸಿಗೆ. ಅವರ ಮುಖ ಸಪ್ಪಗಾಯಿತು.

"ಇಲ್ಲಿ ಬದುಕಿನ ಗುರುತೇ ಇಲ್ವಲ್ಲ" ಅಂದರು.

ಮದುವೆಯಾದಾಗಿನಿಂದ ನಾನು ಆ ಕೋಣೆಯಲ್ಲೇ ಬದುಕಿದ್ದೇನೆ. ಅವತ್ತೇ ಪೊರಕೆ ತೆಗೆದುಕೊಳ್ಳಬೇಕಿತ್ತು. ಆದರೆ ಇವರು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದರು. ಹುಟ್ಟಿದ ಓಣಿಯಲ್ಲೇ ತನ್ನ ಕಸುಬು ತೋರಿಸುವ ಅವಕಾಶ, ಬಿಟ್ಟಾರೆಯೇ? ನಿರ್ದೇಶಕರು "ಸ್ವಲ್ಪ ಸಹಾಯ ಮಾಡಬೇಕಷ್ಟೆ" ಅಂದರು. ಆ ಸ್ವಲ್ಪ ಸಹಾಯ ಒಂದು ವಾರ ನಡೆಯಿತು. ಐದು ಮನೆಗಳ ಮುಂದಿನ ಗೋಡೆ ಇವರ ಕೈಗೆ ಸಿಕ್ಕಿತು. ಎರಡಕ್ಕೆ ಕಿತ್ತುಬಂದ ಗಾರೆ, ಎರಡಕ್ಕೆ ಪಾಚಿ ಹಿಡಿದ ಸೀಳು, ನಮ್ಮದಕ್ಕೆ ಬಿರುಕು.

ಆ ಬಿರುಕಿಗೇ ಮೂರು ದಿನ ಹಿಡಿಯಿತು. ಸೂರಿನ ಅಂಚಿನಿಂದ ಹೊರಟು, ಕಿಟಕಿಯ ಮೂಲೆ ಮುಟ್ಟಿ, ಅಲ್ಲಿಂದ ಕವಲೊಡೆದು ನೆಲಕ್ಕೆ ಇಳಿಯುವ ಬಿರುಕು. ನಾನು ಕೆಲಸ ಮುಗಿಸಿ ಬಂದು ಊಟಕ್ಕೆ ಕರೆದರೆ ಏಣಿ ಮೇಲಿಂದ ಇಳಿಯುತ್ತಿರಲಿಲ್ಲ. "ಕಪ್ಪು ಹಚ್ಚಿದ್ರೆ ಅದು ಬರೀ ಗೆರೆ ಕಣೇ. ಬಿರುಕಿನ ಒಳಗಿರೋ ಕತ್ತಲು ಕಂದು ಬಣ್ಣದ್ದು" ಅಂತ ಪಾಠ ಬೇರೆ. ಚಿತ್ರೀಕರಣ ಬೆಳಗಿನ ಹೊತ್ತು. ಬೆಳಿಗ್ಗೆ ಬಿಸಿಲು ನಮ್ಮ ಗೋಡೆಗೆ ಎಡಗಡೆಯಿಂದ ಬೀಳುತ್ತದೆ, ಹಾಗಾಗಿ ಬಿರುಕಿನ ಬಲಗಡೆಯ ಅಂಚಿಗೆ ಕೂದಲೆಳೆಯಷ್ಟು ಬಿಳಿ, ಎಡಗಡೆಗೆ ನೆರಳು. ಆ ಬಿಸಿಲಿನಲ್ಲಿ ನೋಡಿದರೆ ಗೋಡೆ ಇವತ್ತೋ ನಾಳೆಯೋ ಅನ್ನುವಂತಿತ್ತು. ಮಧ್ಯಾಹ್ನ ದಾಟಿ ಬಿಸಿಲು ಆಚೆ ತಿರುಗಿದ ಮೇಲೆ ಬಂದರೆ, ನೆರಳು ಇರಬೇಕಾದ ಕಡೆ ಬೆಳಕು, ಬೆಳಕು ಇರಬೇಕಾದ ಕಡೆ ನೆರಳು. ಎಳೇ ಮಗು ಕೂಡ ಬಣ್ಣ ಅಂತ ಹೇಳೀತು. ಕೊನೆಗೆ ಮಳೆ ಬಂದರೂ ಹೋಗಬಾರದೆಂದು ಮೇಲೊಂದು ವಾರ್ನಿಷ್ ಎಳೆದರು.

ನಾಯಕಿ ಆ ಬಿರುಕಿಗೆ ಹಣೆ ಒತ್ತಿಕೊಂಡು ಅತ್ತಳು. ಹನ್ನೊಂದು ಸಲ ಅತ್ತಳು. ಹನ್ನೊಂದು ಸಲವೂ ನಾನು ನನ್ನ ಮನೆಯೊಳಗೆ ಹೋಗಲಾಗದೆ ಟೈಲರ್ ಅಕ್ಕನ ಬಾಗಿಲಲ್ಲಿ ಕಾಲು ನೋಯಿಸಿಕೊಂಡು ಕೂತಿದ್ದೆ.

ಚಿತ್ರೀಕರಣ ಮುಗಿದ ದಿನ "ಇನ್ನೂ ಒಂದೆರಡು ದೃಶ್ಯ ಬಾಕಿ ಇದೆ, ಗೋಡೆ ಮುಟ್ಟಬೇಡಿ" ಅಂದು ಹೋದರು. ಹೋದವರು ಬರಲೇ ಇಲ್ಲ. ಸಿನಿಮಾ ಬಂತು, ಹೊರದೇಶದಲ್ಲಿ ದೊಡ್ಡ ಬಹುಮಾನ ಪಡೆಯಿತು. ಒಂದು ಪತ್ರಿಕೆಯಲ್ಲಿ ಯಾರೋ ಬರೆದಿದ್ದರು, ಗೋಡೆಯ ತೇವದ ವಾಸನೆ ಪರದೆಯಿಂದಲೇ ಮೂಗಿಗೆ ಬಡಿಯುತ್ತದೆ ಅಂತ. ಅದು ಚಹಾ ಸ್ವಾಮೀ, ತೇವವಲ್ಲ. ಇವರು ಓದಿ ಹೇಳಿದಾಗ ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು. ಆಮೇಲೆ ಕ್ಯಾಮೆರಾ ತೂಗುಹಾಕಿಕೊಂಡವರು ಬಂದು ನಮ್ಮ ಬಾಗಿಲ ಮುಂದೆ ಮೆತ್ತಗೆ ಮಾತಾಡುತ್ತಾ ನಿಲ್ಲತೊಡಗಿದರು. ಸತ್ತ ಮನೆಗೆ ಬಂದವರ ಹಾಗೆ. ಆಗ ನಗು ನಿಂತಿತು.

"ಇನ್ನಾದ್ರೂ ಒರೆಸ್ರೀ" ಅಂದೆ. "ಈ ಭಾನುವಾರ" ಅಂದರು. ಎಷ್ಟು ಭಾನುವಾರ ಹೋದವೋ. ಒಂದು ದಿನ ನಾನು ತಡೆಯಲಾರದೆ ಬಾಯಿಗೆ ಬಂದ ಹಾಗೆ ಬೈದಾಗ ಇವರು ತಲೆ ತಗ್ಗಿಸಿ ನಿಜ ಹೇಳಿದರು.

"ನಾನು ಮಾಡಿದ್ದನ್ನೆಲ್ಲಾ ಕೊನೇ ದಿನ ಸುತ್ತಿಗೆ ತಗೊಂಡು ಒಡೀತಾರೆ ಕಣೇ. ಮೂವತ್ತು ವರ್ಷದಲ್ಲಿ ಒಂದೂ ಉಳಿದಿಲ್ಲ. ಇದೊಂದು ನಿಂತಿದೆ."

ಕರಗಿಬಿಟ್ಟೆ. ಇರಲಿ ಬಿಡಿ ಅಂದೆ. ನನ್ನ ತಪ್ಪು ಅದೊಂದೇ, ಆದರೆ ಒಂದೇ ಸಾಕಾಯಿತು.

ನಗರಸಭೆಯ ಸರ್ವೆ ಬಂದದ್ದು ಅದಾದ ಮೇಲೆ. ಹಳೇ ಕಟ್ಟಡಗಳನ್ನೆಲ್ಲ ನೋಡಿ ಯಾವುದು ಗಟ್ಟಿ, ಯಾವುದು ಅಪಾಯ ಅಂತ ಬರೆದುಕೊಳ್ಳುವುದು. ಅಪಾಯದ ಗೋಡೆಗಳಿದ್ದರೆ ಅವರೇ ಕಬ್ಬಿಣದ ಪಟ್ಟಿ ಬಿಗಿದು ಗಾರೆ ಮಾಡಿಕೊಡುತ್ತಾರೆ. ಆದರೆ ಒಂದು ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋಣೆ ಅಪಾಯ ಅಂತಾದರೆ ದುರಸ್ತಿ ಇಲ್ಲ, ಸಾಲನ್ನೇ ಕೆಡವಿ ಜನರನ್ನು ಊರಾಚೆಯ ಹೊಸ ಕಟ್ಟಡಗಳಿಗೆ ಸಾಗಿಸುವುದು. ಟೈಲರ್ ಅಕ್ಕ ಈ ಸರ್ವೆಗಾಗಿ ಮೂರು ವರ್ಷದಿಂದ ಅರ್ಜಿ ಬರೆದು ಬರೆದು ಸೋತಿದ್ದಳು. ಅವಳ ಗೋಡೆಯಲ್ಲಿ ನಿಜವಾದ ಬಿರುಕು ಇತ್ತು. ಕೊನೆಯ ಕೋಣೆ, ಪಕ್ಕದಲ್ಲೇ ನಲ್ಲಿ, ಅಡಿಪಾಯ ಕುಸಿದು ಗೋಡೆ ಹೊರಕ್ಕೆ ವಾಲುತ್ತಿತ್ತು. ಹೊಲಿಗೆ ಮಷೀನು ತುಳಿದರೆ ಮರಳು ಉದುರುತ್ತಿತ್ತು.

ಬಂದ ಸಾಹೇಬರು ಒಳ್ಳೆಯವರು. ತೊಂದರೆಯಾದದ್ದೇ ಅದರಿಂದ. ಬೆಳಿಗ್ಗೆ ಎಂಟೂವರೆಗೆ ಬಂದರು, ಅವತ್ತು ನನಗೆ ರಜೆ. ನಮ್ಮ ಗೋಡೆಯ ಮುಂದೆ ಗಕ್ಕನೆ ನಿಂತು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು.

"ಇದೇ ಗೋಡೆ ಅಲ್ವೇನಮ್ಮಾ?" ಅಂದರು. "ಆ ಸಿನಿಮಾ ಎರಡು ಸಲ ನೋಡಿದೆ. ನಮ್ಮ ಮನೆಯವಳಂತೂ ರಾತ್ರಿ ಊಟಾನೇ ಮಾಡ್ಲಿಲ್ಲ."

"ಸಾರ್, ಅದು ಬಣ್ಣ. ನಮ್ಮೆಜಮಾನ್ರು ಬರೆದಿದ್ದು."

"ಸಂಕೋಚ ಪಟ್ಕೋಬೇಡಿ. ಬಡತನ ನಿಮ್ಮ ತಪ್ಪಲ್ಲ."

"ಸಂಕೋಚ ಅಲ್ಲ ಸಾರ್. ಬೇಕಾದ್ರೆ ಮುಟ್ಟಿ ನೋಡಿ."

"ಅಯ್ಯೋ ಬೇಡ, ಬಿದ್ದುಗಿದ್ದು ಹೋದೀತು" ಅಂತ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಜೊತೆಗಿದ್ದವನು ಫೋಟೋ ತೆಗೆದ.

"ಹಾಗಾದ್ರೆ ಮಧ್ಯಾಹ್ನ ಬನ್ನಿ ಸಾರ್, ನಿಮಗೇ ಗೊತ್ತಾಗತ್ತೆ. ಇದನ್ನ ಬೆಳಗಿನ ಬಿಸಿಲಿಗೆ ಬರೆದಿದ್ದು."

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಆಸ್ಪತ್ರೆಯಲ್ಲಿ ಜ್ವರ ಹೆಚ್ಚಾಗಿ ಏನೇನೋ ಬಡಬಡಿಸುವವರನ್ನು ಹೊಸ ಡಾಕ್ಟರುಗಳು ಹಾಗೆ ನೋಡುತ್ತಾರೆ. "ಮಧ್ಯಾಹ್ನ ಬೇರೆ ಓಣಿ ಇದೆಯಮ್ಮ. ನಿಮಗೆ ಒಳ್ಳೇದು ಮಾಡೋಕೇ ಬಂದಿರೋದು ನಾವು" ಅಂದು, ಗೋಡೆಯ ಮೇಲೆ ಕೆಂಪು ನಂಬರು ಹಾಕಿಸಿದರು. ಉಳಿದ ನಾಲ್ಕು ಮನೆಗೂ ಅದೇ ಕೆಂಪು. ಕೊನೆಗೆ ಟೈಲರ್ ಅಕ್ಕನ ಮನೆಗೂ ಕೆಂಪು. ಐದು ಸುಳ್ಳು, ಒಂದು ನಿಜ, ಒಟ್ಟು ಆರು. ಹತ್ತರಲ್ಲಿ ಆರು.

ಹದಿನೈದು ದಿನಕ್ಕೆ ನೋಟಿಸು ಬಂತು. ಸಾಲು ವಾಸಕ್ಕೆ ಯೋಗ್ಯವಲ್ಲ, ಆಕ್ಷೇಪಣೆ ಇದ್ದರೆ ಒಂದು ತಿಂಗಳೊಳಗೆ ಸಾಕ್ಷಿ ಸಮೇತ ಬರಬೇಕು. ಊರಾಚೆಯ ಕಟ್ಟಡಕ್ಕೆ ನಾನು ಹೋಗಿ ನೋಡಿ ಬಂದೆ. ಕೋಣೆ ಚೆನ್ನಾಗಿಯೇ ಇದೆ, ನಲ್ಲಿಯೂ ಒಳಗೇ ಇದೆ. ಆದರೆ ಅಲ್ಲಿಂದ ಮೊದಲ ಬಸ್ಸು ಆರು ಗಂಟೆಗೆ, ಆಮೇಲೆ ಇನ್ನೊಂದು ಬಸ್ಸು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏಳೂಕಾಲು. ಐದೂವರೆಯ ಕೆಲಸಕ್ಕೆ ಏಳೂಕಾಲಿಗೆ ಬರುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ನನ್ನ ಕೆಲಸ ಹೋಗುತ್ತದೆ, ಟೈಲರ್ ಅಕ್ಕನ ನರ್ಸುಗಳು ಹೋಗುತ್ತಾರೆ, ಎಲ್ಲ ಒಂದು ಡಬ್ಬಿ ಬಣ್ಣಕ್ಕೆ. ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ನಾನು ಇವರ ಮುಖಕ್ಕೆ ತಂತಿ ಬ್ರಷ್ಷು ಹಿಡಿದೆ. ಇವರು ತೆಗೆದುಕೊಂಡು ಥಿನ್ನರ್ ಹಚ್ಚಿ ಉಜ್ಜಲು ಶುರುಮಾಡಿದರು. ತನ್ನದೇ ವಾರ್ನಿಷ್ಷು, ಎಷ್ಟು ಗಟ್ಟಿ ಎಳೆದಿದ್ದರೋ, ಇಡೀ ದಿನ ಹಿಡಿಯಿತು. ಸಂಜೆಯ ಹೊತ್ತಿಗೆ ಇವರ ಕಣ್ಣು ಕೆಂಪಗಾಗಿತ್ತು. ಥಿನ್ನರ್ ಘಾಟಿಗೆ ಅಂದರು. ನಾನು ಅದರ ಮೇಲೆ ಸುಣ್ಣ ಹೊಡೆದೆ. ಗೋಡೆ ಮೊದಲಿನ ಹಾಗೆ ಬೆಳ್ಳಗಾಯಿತು. ಉಳಿದ ನಾಲ್ಕು ಮನೆಯದನ್ನೂ ಒರೆಸಿ ಫೋಟೋ ತೆಗೆದುಕೊಂಡು ಸಾಹೇಬರ ಹತ್ತಿರ ಓಡಿದೆವು.

ಅವರು ಫೋಟೋ ನೋಡಿ ಬೆಚ್ಚಿಬಿದ್ದರು. "ಏನಮ್ಮಾ ಇದು! ಬಿರುಕಿನ ಮೇಲೆ ಸುಣ್ಣ ಬಳಿದು ಮುಚ್ಚಿಬಿಟ್ರಾ? ಒಳಗೆ ಅದು ಬೆಳೀತಾನೇ ಇರತ್ತೆ, ಗೊತ್ತೂ ಆಗಲ್ಲ. ಪ್ರಾಣಕ್ಕಿಂತ ಮನೆ ಹೆಚ್ಚಾ?" ಸರ್ವೆ ಆದ ಮೇಲೆ ಮಾಡಿದ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲವಂತೆ. ಫೈಲು ತೆರೆದು ತೋರಿಸಿದರು. ಅದರಲ್ಲಿ ಅವರು ತೆಗೆಸಿದ ಫೋಟೋ ಜೊತೆ ಸಿನಿಮಾದ ಚಿತ್ರವೂ ಇತ್ತು. ನಮ್ಮ ಗೋಡೆ, ಅದಕ್ಕೆ ಹಣೆ ಒತ್ತಿ ಅಳುತ್ತಿರುವ ನಾಯಕಿ. ಸರ್ಕಾರಿ ಫೈಲಿನಲ್ಲಿ ನನ್ನ ಮನೆಗೆ ಸಾಕ್ಷಿ ಅವಳು. ಗಂಟಲು ಹರಿದುಕೊಂಡು ಕೂಗಬೇಕೆನಿಸಿತು. ಕೂಗಲಿಲ್ಲ, ಸಾರ್ ಸಾರ್ ಅನ್ನುತ್ತಾ ಎದ್ದು ಬಂದೆ.

ಉಳಿದ ದಾರಿ ನಿರ್ದೇಶಕರು. ಅವರ ಕಚೇರಿಯಲ್ಲಿ ಗೋಡೆ ತುಂಬ ನಮ್ಮ ಗೋಡೆಯ ಪೋಸ್ಟರು. ಕಾಫಿ ಕೊಟ್ಟರು, ಕೈ ಹಿಡಿದು ಕೂರಿಸಿದರು. ಇವರು ಮೆಲ್ಲಗೆ ಕೇಳಿದರು, "ಆ ಬಿರುಕು, ಪಾಚಿ ಎಲ್ಲಾ ನಾನು ಮಾಡಿದ್ದು ಅಂತ ಒಂದು ಕಾಗದ ಬರೆದುಕೊಡಿ ಸಾರ್. ಅಷ್ಟು ಸಾಕು."

ನಿರ್ದೇಶಕರು ಕಾಫಿ ಲೋಟ ಕೆಳಗಿಟ್ಟರು. "ಅದು ಹೇಗಾಗತ್ತೆ? ಪ್ರತಿಯೊಂದು ಸಂದರ್ಶನದಲ್ಲೂ ಹೇಳಿದೀನಿ, ಇದರಲ್ಲಿ ಒಂದು ಮೊಳೆನೂ ಸೆಟ್ ಅಲ್ಲ ಅಂತ. ಬಹುಮಾನದವರೂ ಅದನ್ನೇ ಬರೆದಿದಾರೆ. ಈಗ ಬಣ್ಣ ಅಂದ್ರೆ ಇಡೀ ಸಿನಿಮಾನೇ ಸುಳ್ಳು ಅಂತಾರೆ."

"ಓ" ಅಂದರು ಇವರು. "ಅದಕ್ಕೇನಾ ಕೊನೇಲಿ ಹೆಸರುಗಳು ಬರುವಾಗ ನನ್ನ ಹೆಸರಿಲ್ಲದಿದ್ದದ್ದು? ಮರೆತುಹೋಗಿರ್ಬೇಕು ಅಂದ್ಕೊಂಡಿದ್ದೆ."

ಆ ಮಾತಿಗೆ ನಿರ್ದೇಶಕರ ಮುಖ ಕೆಂಪಾಯಿತು. ಮನುಷ್ಯನಿಗೆ ನಾಚಿಕೆ ಇಲ್ಲದೇ ಇರಲಿಲ್ಲ. ನನ್ನ ಕಡೆ ತಿರುಗಿ, "ನೋಡಿಯಮ್ಮ, ನಿಮ್ಮ ಪರ ನಾನು ಎಲ್ಲಿ ಬೇಕಾದ್ರೂ ಬಂದು ಮಾತಾಡ್ತೀನಿ. ಇಂಥ ಮನೇಲಿ ಯಾರೂ ಬದುಕಬಾರದು ಅಂತಾನೇ ತಾನೇ ನಾನು ಈ ಸಿನಿಮಾ ಮಾಡಿದ್ದು?" ಅಂದರು.

"ಇಂಥ ಮನೆ ಅಂದ್ರೆ ಯಾವ್ದು?" ಅಂದೆ. "ನಾನಿರೋ ಮನೇನಾ, ಇವರು ನಿಮಗೆ ಮಾಡಿಕೊಟ್ಟ ಮನೇನಾ? ನಾನಿರೋ ಮನೆಗೆ ನೀವು ಬಂದಿದ್ರಿ. ನೋಡಿದ್ರಿ. ನಿಮಗೆ ಬೇಡವಾಯ್ತು."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ದಾರಿಯುದ್ದಕ್ಕೂ ಇವರ ಮೇಲೆ ಸಿಡಿಮಿಡಿಗುಟ್ಟಿದೆ. ಇವರು ಮನೆಗೆ ಬಂದು ಚೀಲದಲ್ಲಿ ಬ್ರಷ್ಷು ಜೋಡಿಸಿದರು.

ವಿಚಾರಣೆಯ ದಿನ ಸಾಹೇಬರ ಕೋಣೆಗೆ ಹೋದರೆ ಅಲ್ಲಿ ಆಗಷ್ಟೇ ಬಣ್ಣ ಹೊಡೆಸಿದ ಕೆನೆ ಬಣ್ಣದ ಗೋಡೆ. ನಮ್ಮ ಜೊತೆ ಟೈಲರ್ ಅಕ್ಕನೂ ಬಂದಿದ್ದಳು. ಸಾಕ್ಷಿ ಎಲ್ಲಿ ಅಂತ ಕೇಳಿದರು. ಇವರು ಚೀಲ ಕೆಳಗಿಟ್ಟು, "ಅರ್ಧ ಗಂಟೆ ಕೊಡಿ ಸಾರ್. ಆ ಗೋಡೆಯಲ್ಲಿ ಒಂದು ಮೊಳ ಜಾಗ ಕೊಡಿ. ವಾರ್ನಿಷ್ ಹಾಕಲ್ಲ, ಆಮೇಲೆ ನಾನೇ ಒರೆಸಿಕೊಡ್ತೀನಿ" ಅಂದರು. ಸಾಹೇಬರು ಒಪ್ಪುವವರಲ್ಲ. ಆದರೆ ಟೈಲರ್ ಅಕ್ಕ, "ಒಂದು ತಿಂಗಳಿಂದ ಈಯಮ್ಮ ಬಾಯಲ್ಲಿ ಹೇಳಿದ್ದು ನೀವು ನಂಬ್ಲಿಲ್ಲ, ಕಣ್ಣಲ್ಲಾದ್ರೂ ನೋಡಿ" ಅಂದಳು. ಪಕ್ಕದ ಮೇಜಿನವರು ಕುತೂಹಲಕ್ಕೆ "ನೋಡೇಬಿಡೋಣ ಸಾರ್" ಅಂದರು.

ಇವರು ಮೊದಲು ಕಿಟಕಿ ಎಲ್ಲಿದೆ ನೋಡಿದರು. ಬಲಗಡೆ ಇತ್ತು. ತಲೆಯಾಡಿಸಿ, ಬ್ರಷ್ಷನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಕೈ ನಡುಗುವವರ ಹಾಗೆ ಕೆಳಗಿಳಿಸಿದರು. ಕಂದು, ಅದರೊಳಗೆ ತುಸು ನೀಲಿ, ಎಡ ಅಂಚಿಗೆ ಎಳೆ ಬಿಳಿ, ಅಲ್ಲಲ್ಲಿ ಸ್ಪಂಜಿನ ತುದಿಯಿಂದ ಚಹಾ. ಇಷ್ಟು ವರ್ಷದಲ್ಲಿ ಇವರು ಕೆಲಸ ಮಾಡುವುದನ್ನು ನಾನು ಮೊದಲಿಂದ ಕೊನೆವರೆಗೆ ಕೂತು ನೋಡಿದ್ದು ಅವತ್ತೇ. ಸಿಟ್ಟಿನ ನಡುವೆಯೂ ನನ್ನ ಗಂಡ ಅಂತ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಅರ್ಧ ಗಂಟೆಯಾಗುವಷ್ಟರಲ್ಲಿ ಸರ್ಕಾರದ ಗೋಡೆ ಬಾಯಿ ಬಿಟ್ಟಿತ್ತು. ಆ ಹೊತ್ತಿಗೆ ಸರಿಯಾಗಿ ಯಾವುದೋ ಸಹಿಗೆ ಅಂತ ಒಳಬಂದ ಹಿರಿಯ ಇಂಜಿನಿಯರು ಗೋಡೆ ನೋಡಿ, "ಇದ್ಯಾವಾಗ ಬಿರುಕು ಬಿಡ್ತ್ರೀ? ಮೊದಲು ಆ ಬೀರು ಈಚೆ ಎಳೀರಿ!" ಅಂತ ಕೂಗಿದರು. ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಗದಿದ್ದವರು ಸಾಹೇಬರೊಬ್ಬರೇ. ಗೋಡೆಯ ಹತ್ತಿರ ಹೋಗಿ ಬೆರಳಾಡಿಸಿದರು, ಬೆರಳಿಗಂಟಿದ ಕಂದು ಬಣ್ಣವನ್ನು ನೋಡಿಕೊಂಡರು.

"ನಾನು ಅತ್ತಿದ್ದೆ" ಅಂದರು. "ಹಾಗಾದ್ರೆ ಅದೆಲ್ಲಾ ಸುಳ್ಳಾ?"

"ಗೋಡೆ ಸುಳ್ಳು ಸಾರ್" ಅಂದೆ. "ನಾವಿದೀವಲ್ಲ."

ಅವರಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಇಂಜಿನಿಯರು ಇನ್ನೂ ನಗುತ್ತಲೇ, "ಐದು ಕೆಂಪು ತೆಗೆದುಹಾಕಿ, ಇನ್ನೊಂದ್ಸಲ ಹೋಗಿ ಸರಿಯಾಗಿ ನೋಡ್ಕೊಂಡು ಬನ್ರೀ. ಸಿನಿಮಾ ನೋಡಿ ಸರ್ವೆ ಮಾಡ್ತಾರಂತೆ" ಅಂದು ಹೊರಟುಹೋದರು. ಸಾಹೇಬರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ನೋಡಿ ಸಂತೋಷಪಟ್ಟೆ ಕೂಡ. ಸಾಲು ಉಳಿದಿತ್ತು, ನನ್ನ ಐದೂವರೆ ಉಳಿದಿತ್ತು. ವಾಪಸು ಬರುವಾಗ ಟೈಲರ್ ಅಕ್ಕ ಇವರ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. "ಇನ್ನು ನನ್ನದೊಂದೇ ಕೆಂಪು. ಒಂದೇ ಅಂದ್ರೆ ಅವರೇ ಬಂದು ಪಟ್ಟಿ ಬಿಗಿದುಕೊಡ್ತಾರೆ. ಮೂರು ವರ್ಷದ ಅರ್ಜಿಗೆ ಈಗ ಬೆಲೆ ಬಂತು ನೋಡು" ಅಂದಳು.

ಸಾಹೇಬರು ಎರಡನೇ ಸಲ ಬಂದದ್ದು ಮಧ್ಯಾಹ್ನ. ಈ ಸಲ ಕನ್ನಡಕ ತೆಗೆಯಲಿಲ್ಲ, ಅಮ್ಮಾ ಅನ್ನಲಿಲ್ಲ. ಒಂದೊಂದು ಬಾಗಿಲಿಗೂ "ಇದು ಬಣ್ಣ, ಇದೂ ಬಣ್ಣ" ಅನ್ನುತ್ತಾ ಪಟ್ಟಿಯಲ್ಲಿದ್ದ ಕೆಂಪು ನಂಬರುಗಳನ್ನು ಪೆನ್ನಿನಿಂದ ಹೊಡೆದುಹಾಕುತ್ತಾ ನಡೆದರು. ಟೈಲರ್ ಅಕ್ಕ ಮಷೀನು ಪಕ್ಕಕ್ಕೆ ಸರಿಸಿ, ಗೋಡೆ ಪೂರ್ತಿ ಕಾಣುವ ಹಾಗೆ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಳು. ಸಾಹೇಬರು ಹೊಸಿಲಾಚೆ ನಿಂತೇ ನೋಡಿ ಬಾಯಿ ಸೊಟ್ಟ ಮಾಡಿದರು.

"ಇದಂತೂ ಎಲ್ಲದಕ್ಕಿಂತ ಚೆನ್ನಾಗಿದೆ. ಕೆಳಗೆ ಮರಳು ಬೇರೆ ಉದುರಿಸಿಟ್ಟಿದೀರಿ."

"ಸಾರ್, ಇದು ನಿಜವಾದ್ದು" ಅಂದಳು ಅಕ್ಕ. ಅವಳ ಮುಖದ ನಗು ಹೋಗಿರಲಿಲ್ಲ, ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. "ಸಿನಿಮಾದವರು ಈ ಮನೆ ಮುಟ್ಟಲೇ ಇಲ್ಲ. ಮೂರು ವರ್ಷದ ಅರ್ಜಿ ನಿಮ್ಮ ಫೈಲಲ್ಲೇ ಇದೆ ನೋಡಿ."

"ನಿಜ ಅಂದ್ಕೊಂಡಿದ್ದು ಸುಳ್ಳಾಯ್ತು. ಈಗ ಇದು ನಿಜ ಅಂತ ನಾನು ಯಾರ ಮಾತು ನಂಬ್ಲಿ? ಇವರದ್ದಾ?" ಅಂತ ಇವರ ಕಡೆ ಪೆನ್ನು ತೋರಿಸಿದರು. ಇವರು, "ಸಾರ್, ದೇವರಾಣೆಗೂ ಇದು ನಂದಲ್ಲ" ಅಂದರು. "ಹಾಗೇ ಅಂತೀರಿ" ಅಂದರು ಸಾಹೇಬರು.

ಅಲ್ಲಿವರೆಗೆ ತಡೆದುಕೊಂಡಿದ್ದೆ. ಎಷ್ಟು ಸಾರ್, ಎಷ್ಟು ಸ್ವಾಮಿ, ಎಷ್ಟು ದಮ್ಮಯ್ಯ. ಅವರ ಬಲಗೈ ಹಿಡಿದೆ. ಒಳಗೆ ಎಳೆದುಕೊಂಡು ಹೋಗಿ ನಾಲ್ಕೂ ಬೆರಳನ್ನು ಆ ಬಿರುಕಿನೊಳಗೆ ತುರುಕಿದೆ. ಎರಡನೇ ಗೆಣ್ಣಿನವರೆಗೆ ಹೋದವು. ಮರಳು ಸುರಿದು ಅವರ ತೋಳಿನ ಮೇಲೆಲ್ಲ ಬಿತ್ತು. "ಇದಕ್ಕೆ ಬಣ್ಣ ಅಂತೀರಾ? ಹೇಳಿ, ಬಣ್ಣ ಅಂತೀರಾ?" ಅಂದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು.

ಅವರು ಕೈ ಎಳೆದುಕೊಳ್ಳಲಿಲ್ಲ. ಒಳಗಿನ ತಣ್ಣನೆ ಗಾಳಿ ಬೆರಳಿಗೆ ತಾಗಿರಬೇಕು, ಅದು ಹೊರಗಿನಿಂದ ಬರುವ ಗಾಳಿ. ಅವರಿಗೆ ಗೊತ್ತಾಯಿತು. ಮುಖದಲ್ಲೇ ಕಂಡಿತು ಗೊತ್ತಾದದ್ದು. ಆಮೇಲೆ ಮೆಲ್ಲಗೆ ಕೈ ಹೊರತೆಗೆದು ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ನನ್ನ ಕೋಣೆಯ ಗೋಡೇನೂ ನಿಜದ ಹಾಗೇ ಇತ್ತು" ಅಂದರು. ದನಿ ಸಣ್ಣದಾಗಿತ್ತು. "ಒಂದ್ಸಲ ಕೆಂಪು ಬರೆದು ಇಡೀ ಆಫೀಸಿನಲ್ಲಿ ನಗೆಪಾಟಲಾದೆ. ಈಗಲೂ ನನ್ನನ್ನು ನೋಡಿದ್ರೆ ಬೀರು ಎಳೀರಿ ಅಂತ ನಗ್ತಾರೆ. ಅದೇ ಸಾಲಿಗೆ ಇನ್ನೊಂದ್ಸಲ ನಾನು ಕೆಂಪು ಬರೆಯಲ್ಲ. ಸಾಲು ಗಟ್ಟಿ ಇದೆ ಅಂತ ತಾನೇ ನೀವು ಹೇಳಿದ್ದು? ಗಟ್ಟಿ ಇದೆ ಅಂತಾನೇ ಬರೀತೀನಿ."

ನಿಂತಲ್ಲೇ ಬರೆದರು. ಹತ್ತೂ ಕೋಣೆ ಸುಸ್ಥಿತಿ, ದುರಸ್ತಿ ಅಗತ್ಯವಿಲ್ಲ. ಓದಿ ಹೇಳಿ, ತೋಳಿನ ಮರಳು ಕೊಡವಿಕೊಂಡು ಹೋದರು.

ಟೈಲರ್ ಅಕ್ಕ ನಮಗೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಉದುರಿದ ಮರಳನ್ನು ಮೊರಕ್ಕೆ ಗುಡಿಸಿ ಹೊರಗೆ ಚೆಲ್ಲಿ ಬಂದಳು. "ಹೋಗ್ಲಿ ಬಿಡು ಪಾಚಿ. ಸಿಮೆಂಟು ನಾನು ತರಿಸ್ತೀನಿ. ನೀನೇ ಮುಚ್ಚಿಕೊಟ್ಟುಬಿಡು" ಅಂದಳು.

ಇವರು ಬಿರುಕಿನ ಮುಂದೆ ನಿಂತುಕೊಂಡರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು.

"ಏನೋ? ಒಂದು ದಿನದ ಕೆಲಸ ಅಲ್ವಾ ನಿನಗೆ?"

"ಅಕ್ಕಾ, ನನಗೆ ಮುಚ್ಚೋಕೆ ಬರಲ್ಲ" ಅಂದರು.

"ಮೂವತ್ತು ವರ್ಷದಿಂದ ಗೋಡೆ ಕೆಲಸಾನೇ ಮಾಡಿದೀಯಲ್ಲೋ."

"ಮಾಡಿದೀನಿ. ಗಾರೆ ಕೆಲಸ ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ. ಮೇಲೆ ಬಣ್ಣ ಬಳಿದು, ಬಿರುಕೇ ಇಲ್ಲದ ಹಾಗೆ ಕಾಣಿಸ್ಬಲ್ಲೆ. ಅಷ್ಟೇ ನನ್ನ ಕೈಲಾಗೋದು." ಇವರು ಅಳುತ್ತಿದ್ದರು. ಈ ಸಲ ಥಿನ್ನರ್ ಇರಲಿಲ್ಲ.

"ಬೇಡ" ಅಂದಳು ಅಕ್ಕ. "ಕಾಣ್ತಾನೇ ಇರಲಿ. ಎಷ್ಟು ಅಗಲ ಆಗ್ತಾ ಇದೆ ಅಂತ ನನಗೆ ಗೊತ್ತಾಗ್ಬೇಕು."

ಕೊರಳಲ್ಲಿದ್ದ ಅಳತೆ ಟೇಪನ್ನು ಬಿರುಕಿಗೆ ಅಡ್ಡ ಹಿಡಿದು, ಎರಡೂ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಗಲ ಒಂದೂಕಾಲು ಇಂಚು, ಅದನ್ನು ಗೋಡೆಯ ಮೇಲೇ ಬರೆದಳು. ಇವತ್ತು ತಾರೀಖು ಎಷ್ಟು ಅಂತ ನನ್ನನ್ನು ಕೇಳಿದಳು. ನಾನು ಹೇಳಿದೆ, ಅವಳು ಅದನ್ನೂ ಪಕ್ಕದಲ್ಲಿ ಬರೆದಳು.